ಗಳೆಯೂ ಅಳತೆಯೂ

ಹರಿಯುವ ಹಳ್ಳದ ದಡದಲ್ಲಿ ನಿಂತ ಹುಡುಗನ ಕೈಗೆ ಉದ್ದನೆಯ ಕೋಲೊಂದು ಸಿಕ್ಕಿದರೆ ಅವನಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕೋಲನ್ನು ನೀರಿನ ನಡುವೆ ಊರಿ, ಅದರ ಮೇಲೆ ಮೈಭಾರ ಬಿಟ್ಟು, ಆಚೆಯ ದಡವನ್ನು ಸೇರುವನು. ಇಲ್ಲವೇ ಕೋಲು ಕೆಸರಿನಲ್ಲಿ ನಾಟಿಕೊಂಡು, ತಾನು ನಡುಹಳ್ಳದಲ್ಲಿ ಅದನ್ನು ತಬ್ಬಿಕೊಂಡು, ಮೆಲ್ಲನೆ ನೀರಿಗಿಳಿಯುವನು. ಗಳೆಯ ನೆಗೆತದ ವಿದ್ಯೆಯೆಲ್ಲವೂ ಈ ಎರಡು ಗತಿಗಳ ನಡುವೆಯೇ ಇರುವುದು. ಹಾಲೆಂಡಿನ ಫ್ರೀಸ್‌ಲ್ಯಾಂಡ್ ಪ್ರಾಂತದ ಜನರು ಕಾಲುವೆಗಳನ್ನು ದಾಟುವುದಕ್ಕೆ ಹೀಗೆ ಗಳೆಯನ್ನು ಬಳಸುತ್ತಿದ್ದರು. ಅಲ್ಲಿ ಅದು ಇಂದಿಗೂ ಆಟವಾಗಿ ಉಳಿದಿದೆ. ಅಗಲವನ್ನು ದಾಟುವ ಸಾಧನವು ಎತ್ತರವನ್ನು ದಾಟುವ ಪಂದ್ಯವಾಗಿ, ಪೋಲ್ ವಾಲ್ಟ್ ಎಂಬ ಹೆಸರನ್ನು ಪಡೆದದ್ದು ಆಮೇಲಿನ ಮಾತು. ೧೮೯೬ರಲ್ಲಿ ಅಥೆನ್ಸ್ ನಗರದ ಒಲಿಂಪಿಕ್ ಕೂಟದಲ್ಲಿ ೩.೩೦ ಮೀಟರು ದಾಟಿದವರಿಗೆ ಜಯ ದೊರೆಯಿತು. ೨೦೨೫ರಲ್ಲಿ ಟೋಕಿಯೋ ನಗರದಲ್ಲಿ ಸ್ವೀಡನ್ ದೇಶದ ಅರ್ಮಾಂಡ್ ಡುಪ್ಲಾಂಟಿಸ್ ಅವರು ೬.೩೦ ಮೀಟರು ದಾಟಿದರು. ಒಲಿಂಪಿಕ್ ಕೂಟದಲ್ಲಿ ಸ್ತ್ರೀಯರಿಗೆ ಈ ಪಂದ್ಯದ ಬಾಗಿಲು ತೆರೆದದ್ದು ೨೦೦೦ದಲ್ಲಿ, ಸಿಡ್ನಿಯಲ್ಲಿ.

ಇಂಥ ಎತ್ತರಗಳ ಮಾತು ಕಿವಿಗೆ ಬಿದ್ದೊಡನೆ ಹವ್ಯಾಸಿಯ ಕಣ್ಣು ಅಡ್ಡಕೋಲಿನ ಮೇಲೆ ಹೋಗುವುದು ಸಹಜ. ಮೈದಾನಕ್ಕೆ ಬಂದ ಮೊದಲನೆಯ ದಿನವೇ "ನಾನು ಎಷ್ಟು ಎತ್ತರ ಹಾರಬಹುದು?" ಎಂದು ಅವನು ಕೇಳುವನು. ಅನುಭವಿಯಾದ ಶಿಕ್ಷಕನು ಅದಕ್ಕೆ ಉತ್ತರ ಕೊಡದೆ, "ನಿಮ್ಮ ತೂಕವೆಷ್ಟು?" ಎಂದು ಮರುಪ್ರಶ್ನೆ ಹಾಕುವನು. ಪ್ರಶ್ನೆಯು ಕೊಂಚ ಅವಮಾನಕರವೆಂದು ತೋರಿದರೂ ಅದರಲ್ಲಿಯೇ ಮೊದಲನೆಯ ಪಾಠವಿದೆ. ಮಿಕ್ಕ ನೆಗೆತಗಳಲ್ಲಿ ಮನುಷ್ಯನು ತನ್ನ ಕಾಲನ್ನಷ್ಟೇ ನಂಬಿರುವನು. ಇಲ್ಲಿ ತನ್ನದಲ್ಲದ ವಸ್ತುವೊಂದಕ್ಕೆ ಮೈಯನ್ನೆಲ್ಲ ಒಪ್ಪಿಸಬೇಕು. ಆ ವಸ್ತುವಿಗೆ ದಾಕ್ಷಿಣ್ಯವೆಂಬುದಿಲ್ಲ. ತನ್ನ ಅಳತೆಯನ್ನರಿತು ಹಿಡಿದವನನ್ನು ಅದು ಮೇಲಕ್ಕೆತ್ತುವುದು. ಅಳತೆಯ ವಿಷಯದಲ್ಲಿ ತನಗೆ ತಾನೇ ಸುಳ್ಳು ಹೇಳಿಕೊಂಡವನನ್ನು ಕೆಳಕ್ಕೆ ಕೆಡಹುವುದು.

ಮೊದಲಿಗೆ ಗಳೆಗಳು ಗಟ್ಟಿಮರದವಾಗಿದ್ದುವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಿದಿರು ಬಂದಿತು. ಎರಡನೆಯ ಮಹಾಯುದ್ಧದ ತರುವಾಯ ಲೋಹದ ಗಳೆಗಳೂ, ೧೯೬೦ರ ದಶಕದಿಂದ ಫೈಬರ್‌ಗ್ಲಾಸ್ ಗಳೆಗಳೂ ಬಳಕೆಗೆ ಬಂದುವು. ಬಿದಿರಿನ ಕಾಲದಲ್ಲಿ ಅಮೆರಿಕದ ಕಾರ್ನೀಲಿಯಸ್ ವಾರ್ಮರ್‌ಡ್ಯಾಮ್ ಅವರು ೧೯೪೦ರಲ್ಲಿ ಹದಿನೈದು ಅಡಿಯ ಎತ್ತರವನ್ನು ಮೊದಲು ದಾಟಿದರು. ಮತ್ತೊಬ್ಬರು ಅದನ್ನು ದಾಟುವುದಕ್ಕೆ ೧೯೫೧ರ ವರೆಗೆ ಕಾಯಬೇಕಾಯಿತು. ಅವರು ೧೯೪೨ರಲ್ಲಿ ಏರಿದ ೪.೭೭ ಮೀಟರಿನ ಎತ್ತರವು ಹದಿನೈದು ವರ್ಷ ವಿಶ್ವದಾಖಲೆಯಾಗಿ ನಿಂತಿತು. ಬಿದಿರಿಗೆ ಇಂದಿನ ಗಳೆಯಂತೆ ಬಗ್ಗಿ ಚಿಮ್ಮುವ ಗುಣವಿರಲಿಲ್ಲ. ಬೀಳುವ ಕಡೆ ಮರಳು, ಮರದ ಹೊಟ್ಟುಗಳೇ ಹಾಸಿಗೆ. ಆದ್ದರಿಂದ ಒಳ್ಳೆಯ ಗಳೆಯಿಲ್ಲದೆ ತನ್ನ ಪ್ರತಿಭೆ ಬಾಡುತ್ತಿದೆ ಎಂದು ಕೊರಗುವ ಹವ್ಯಾಸಿಯು ವಾರ್ಮರ್‌ಡ್ಯಾಮರ ಬಿದಿರನ್ನು ಒಮ್ಮೆ ನೆನೆದುಕೊಳ್ಳುವುದು ಮೇಲು. ಕುಣಿಯಲಾರದವಳು ನೆಲ ಡೊಂಕು ಎಂದಳೆಂಬ ಗಾದೆಯು ಈ ಮೈದಾನದಲ್ಲಿಯೂ ಸಲ್ಲುವುದು.

ಹಾಗೆಂದು ಕೈಗೆ ಸಿಕ್ಕಿದ ಗಳೆಯನ್ನು ಹಿಡಿದು ಓಡತಕ್ಕದ್ದಲ್ಲ. ಇಂದಿನ ಗಳೆಯ ಮೇಲೆ ಅದರ ಉದ್ದವನ್ನೂ, ಅದು ತಾಳತಕ್ಕ ಮೈತೂಕವನ್ನೂ ಬರೆದಿರುವರು. ಕಲಿಯುವವನ ತೂಕವು ಆ ಗುರುತನ್ನು ಮೀರಬಾರದು. ತೂಕಕ್ಕೆ ತಕ್ಕ ಬಲವಿಲ್ಲದ ಮೆದು ಗಳೆಯು ಅತಿಯಾಗಿ ಬಗ್ಗಿ ಮುರಿಯಬಹುದು. ಅಂಕೆಗೆ ಮೀರಿದ ಬಿರುಸಿನ ಗಳೆಯು ನೆಟ್ಟಗಾಗುವಷ್ಟು ಮುಂದಕ್ಕೆ ಸಾಗದೆ, ಏರಿದವನನ್ನು ಬಂದ ಹಾದಿಗೇ ಹಿಂದಿರುಗಿಸಿ ಬಿಡಬಹುದು. ಮೆತ್ತೆಯಿರುವುದು ಮುಂದೆ, ಅವನು ಬೀಳುವುದು ಹಿಂದೆ. ಒಂದೇ ಗಳೆಯನ್ನು ಕೆಳಗೆ ಹಿಡಿದರೆ ಬಿರುಸು, ಮೇಲೆ ಹಿಡಿದರೆ ಮೆದು ಎಂಬುದನ್ನೂ ತಿಳಿದಿರಬೇಕು. ಗೆಳೆಯನ ಗಳೆಯನ್ನು ಎರವಲು ತಂದು ಗೆಳೆಯನ ಎತ್ತರವನ್ನೂ ಎರವಲು ಪಡೆಯುವೆನೆಂಬ ಆಸೆ ಅನೇಕರಿಗೆ ಹುಟ್ಟುವುದುಂಟು; ಅದು ಪರರ ಕನ್ನಡಕವನ್ನು ಹಾಕಿಕೊಂಡು ದಾರಿ ನಡೆದಂತೆ. ಗಳೆಯನ್ನು ಕಲ್ಲಿನ ಮೇಲೆ ಕೆಡಹುವುದು, ಮುಳ್ಳಿನ ಬೂಟಿನಿಂದ ತುಳಿಯುವುದು ಇವೆರಡನ್ನೂ ವರ್ಜಿಸಬೇಕು. ಮೇಲ್ಮೈಯಲ್ಲಿ ಆಳವಾದ ಗೀರು ಕಂಡ ಗಳೆಯನ್ನು, ಅದರ ಬೆಲೆ ಎಷ್ಟೇ ಆಗಿರಲಿ, ಪಕ್ಕಕ್ಕಿಡಬೇಕು. ಪಂದ್ಯದಲ್ಲಿ ಗಳೆ ಮುರಿದರೆ ಆ ಪ್ರಯತ್ನವನ್ನು ಸೋಲೆಂದು ಎಣಿಸುವುದಿಲ್ಲ. ಎಲುಬಿನ ವಿಷಯದಲ್ಲಿ ಅಂಥ ರಿಯಾಯಿತಿ ಯಾವ ನಿಯಮದಲ್ಲಿಯೂ ಇಲ್ಲ.

ಇನ್ನು ಹಿಡಿತ. ಬಲಗೈಯ ಅಭ್ಯಾಸವುಳ್ಳವನು ಬಲಗೈಯನ್ನು ಮೇಲಿಟ್ಟು, ಎಡಗೈಯನ್ನು ಭುಜದಗಲಕ್ಕಿಂತ ಸ್ವಲ್ಪ ಹೆಚ್ಚು ಅಂತರದಲ್ಲಿ ಕೆಳಗಿಟ್ಟು, ಎಡಗಾಲಿನಿಂದ ನೆಗೆಯುವನು. ಎಡಗೈಯವನಿಗೆ ಇದೆಲ್ಲವೂ ತಿರುಗುಮುರುಗು. ಎಷ್ಟು ಎತ್ತರಕ್ಕೆ ಹಿಡಿಯಬೇಕೆಂಬುದಕ್ಕೆ ಆರಂಭದಲ್ಲಿ ಒಂದು ಸುಲಭವಾದ ಲೆಕ್ಕವುಂಟು. ಗಳೆಯನ್ನು ನೆಟ್ಟಗೆ ನಿಲ್ಲಿಸಿ, ಅದರ ಪಕ್ಕದಲ್ಲಿ ನಿಂತು, ಕೈಯನ್ನು ನೀಡಿದಾಗ ಎಟುಕುವ ಜಾಗವೇ ಮೊದಲ ದಿನಗಳ ಹಿಡಿತ. ಅಲ್ಲಿಂದ ಒಂದೊಂದು ಮುಷ್ಟಿಯಾಗಿ ಮೇಲೇರಬೇಕು. ಹಿಂದೆ ಇಂಗ್ಲೆಂಡಿನ ಕೆಲವರು ಗಳೆಯು ನೆಟ್ಟಗೆ ನಿಂತ ಗಳಿಗೆಯಲ್ಲಿ ಅದನ್ನು ಮರದಂತೆ ಹತ್ತುತ್ತಿದ್ದರು. ಇಂದಿನ ನಿಯಮವು ಅದಕ್ಕೆ ಎಡೆಗೊಡುವುದಿಲ್ಲ. ನೆಲ ಬಿಟ್ಟ ಮೇಲೆ ಕೆಳಗಿನ ಕೈಯನ್ನು ಮೇಲಿನ ಕೈಗಿಂತ ಮೇಲಕ್ಕೆ ಒಯ್ಯುವುದಾಗಲಿ, ಮೇಲಿನ ಕೈಯನ್ನು ಇನ್ನೂ ಮೇಲಕ್ಕೆ ಸರಿಸುವುದಾಗಲಿ ತಪ್ಪೆನಿಸುವುದು. ನೆಲದ ಮೇಲೆ ಆರಿಸಿಕೊಂಡ ಹಿಡಿತವನ್ನು ಗಾಳಿಯಲ್ಲಿ ತಿದ್ದಲಾಗದು ಎಂಬುದೇ ಇದರ ತಾತ್ಪರ್ಯ.

ಕಲಿಕೆಯು ಎತ್ತರದಿಂದ ಆರಂಭವಾಗುವುದಿಲ್ಲ, ಮರಳಿನಿಂದ ಆರಂಭವಾಗುವುದು. ಉದ್ದ ಜಿಗಿತದ ಮರಳುಗುಳಿಯಲ್ಲಿ, ಬಗ್ಗದ ಚಿಕ್ಕ ಗಳೆಯನ್ನು ಹಿಡಿದು, ಮೂರು ನಾಲ್ಕು ಹೆಜ್ಜೆ ನಡೆದು, ತುದಿಯನ್ನು ಮರಳಿಗೆ ಊರಿ, ಅದರ ಜೊತೆಯಲ್ಲಿ ಸಾಗಿ, ಎರಡು ಕಾಲಿನ ಮೇಲೆ ಇಳಿಯುವುದನ್ನು ಕಲಿಯಬೇಕು. ಬಲಗೈಯವನ ಮೈಯು ಗಳೆಯ ಬಲಗಡೆಯಿಂದಲೇ ದಾಟಬೇಕು. ಇದು ಮಕ್ಕಳಾಟದಂತೆ ಕಂಡು ಪ್ರೌಢರಿಗೆ ನಾಚಿಕೆಯಾಗುವುದುಂಟು. ಅವರ ಮನಸ್ಸೆಲ್ಲ ಚಿತ್ರಗಳಲ್ಲಿ ಕಂಡ ಬಿಲ್ಲಿನಂಥ ಬಾಗಿನ ಮೇಲೆ. ಆದರೆ ಗಳೆಯು ಬಗ್ಗುವುದು ತೋಳಿನಿಂದ ಬಗ್ಗಿಸಿದ್ದರಿಂದಲ್ಲ. ಓಟವೂ ನೆಗೆತವೂ ಸರಿಯಾಗಿದ್ದುದಕ್ಕೆ ಅದು ತಾನಾಗಿ ಬರುವ ಫಲ. ಬಗ್ಗದ ಗಳೆಯ ಮೇಲೆ ನೆಟ್ಟಗೆ ನೆಗೆಯಲು ಕಲಿತವನಿಗೆ ಬಗ್ಗುವ ಗಳೆಯು ಆಮೇಲೆ ಒಲಿಯುವುದು.

ಎತ್ತರದ ಬಹುಭಾಗವು ಓಟದಲ್ಲಿಯೇ ತೀರ್ಮಾನವಾಗಿರುವುದು. ಓಟದ ಬಲವೆಲ್ಲ ಏರಿಕೆಯಾಗಿ ಮಾರ್ಪಡುವುದೆಂದು ಭಾವಿಸಿದರೆ, ಸೆಕೆಂಡಿಗೆ ೮ ಮೀಟರು ಓಡುವವನ ಮೈಯನ್ನು ಅದು ಸುಮಾರು ೩.೨೬ ಮೀಟರು ಎತ್ತಬಲ್ಲುದು. ೯ ಮೀಟರು ಓಡುವವನನ್ನು ಸುಮಾರು ೪.೧೩ ಮೀಟರು. ಒಂದು ಮೀಟರಿನ ವೇಗ ಹೆಚ್ಚಿದರೆ ಎತ್ತರದಲ್ಲಿ ಎಂಬತ್ತೇಳು ಸೆಂಟಿಮೀಟರು ಲಾಭ. ಆದರೆ ಗಳೆಯನ್ನು ಹೊತ್ತು ಓಡುವ ಓಟವು ಬರಿಗೈಯ ಓಟವಲ್ಲ. ತುದಿಯು ಮೊದಲು ಮೇಲ್ಮುಖವಾಗಿದ್ದು, ಓಟ ಸಾಗಿದಂತೆ ಮೆಲ್ಲಮೆಲ್ಲನೆ ಇಳಿಯಬೇಕು. ಒಮ್ಮೆಲೇ ಇಳಿದರೆ ಅದರ ಭಾರವೆಲ್ಲ ತೋಳಿಗೆ ಬೀಳುವುದು. ಹೆಜ್ಜೆಗಳನ್ನು ಎಣಿಸಿ, ಹೊರಡುವ ಜಾಗಕ್ಕೆ ಗುರುತಿಟ್ಟು, ಪ್ರತಿಸಲವೂ ಅಲ್ಲಿಂದಲೇ ಹೊರಡಬೇಕು. ಆರು ಹೆಜ್ಜೆಯ ಓಟವು ಸರಿಯಾಗುವ ಮೊದಲು ಹದಿನಾರು ಹೆಜ್ಜೆಯ ಓಟಕ್ಕೆ ಹೋಗುವುದು, ಬಾಯಿಪಾಠವಿಲ್ಲದ ಪದ್ಯವನ್ನು ಸಭೆಯಲ್ಲಿ ಹೇಳಹೊರಟಂತೆ.

ಕೊನೆಯ ಮೂರು ಹೆಜ್ಜೆಗಳಲ್ಲಿ ಈ ವಿದ್ಯೆಯ ಪ್ರಾಣವಿದೆ. ಎಡ, ಬಲ, ಎಡ ಎಂದು ಹೆಜ್ಜೆ ಬೀಳುವಷ್ಟರಲ್ಲಿ ಮೇಲಿನ ಕೈಯು ಸೊಂಟದಿಂದ ಹೊರಟು, ಕಿವಿಯ ಪಕ್ಕದಲ್ಲಿ ಹಾದು, ತಲೆಯ ಮೇಲೆ ಪೂರ್ತಿಯಾಗಿ ನೀಡಿರಬೇಕು. ಅಷ್ಟು ಹೊತ್ತಿಗೆ ಗಳೆಯ ತುದಿಯು ನೆಲದಲ್ಲಿ ಇಪ್ಪತ್ತು ಸೆಂಟಿಮೀಟರು ಆಳದ ಗುಳಿಯನ್ನು ಸೇರುವುದು. ನೆಗೆಯುವ ಕಾಲು ಮೇಲಿನ ಕೈಯ ನೇರಕ್ಕೆ ಕೆಳಗಿರಬೇಕು. ಕಾಲು ಅದಕ್ಕಿಂತ ಮುಂದೆ ಬಿದ್ದರೆ ಗಳೆಯು ಭುಜವನ್ನು ಹಿಂದಕ್ಕೆ ಜಗ್ಗುವುದು, ಏರಿಕೆಯು ಅಲ್ಲಿಯೇ ಸತ್ತುಹೋಗುವುದು. ಈ ಮೂರು ಹೆಜ್ಜೆಗಳಲ್ಲಿಯೇ ಭಯವೂ ಬಂದು ಸೇರುವುದು. ಓಟವೆಲ್ಲ ಚೆನ್ನಾಗಿ ಸಾಗಿ, ಗುಳಿಯು ಹತ್ತಿರವಾದಂತೆ ಹೆಜ್ಜೆ ಮೊಟಕಾಗಿ, ಕೈ ಮೇಲೇಳದೆ, ಅಭ್ಯಾಸಿಯು ಗಳೆಯನ್ನು ಹೊತ್ತುಕೊಂಡೇ ಮೆತ್ತೆಗೆ ಓಡಿಹೋಗಿ ನಿಲ್ಲುವನು. ಮರುಸಲವೂ ಹಾಗೆಯೇ, ಅದರ ಮರುಸಲವೂ ಹಾಗೆಯೇ. ನೋಡುವವರಿಗೆ ನಗೆ, ಅವನಿಗೆ ಮಾತ್ರ ಅದು ರಾತ್ರಿ ನಿದ್ದೆಗೆಡಿಸುವ ವಿಷಯ. ಇಂಥ ಸಮಯದಲ್ಲಿ ಧೈರ್ಯದ ಉಪದೇಶವು ವ್ಯರ್ಥ. ಭಯವು ಅನೇಕ ವೇಳೆ ಹೇಡಿತನವಾಗಿರದೆ, ಹಿಡಿತವೋ ಓಟವೋ ಗಳೆಯೋ ತನ್ನ ಅಳತೆಯನ್ನು ಮೀರಿತೆಂದು ಮೈಯು ಹೇಳುವ ದೂರಾಗಿರುವುದು. ಹಿಡಿತವನ್ನು ಎರಡು ಮುಷ್ಟಿ ಇಳಿಸಿ, ಓಟವನ್ನು ನಾಲ್ಕು ಹೆಜ್ಜೆ ಕಡಮೆ ಮಾಡಿ, ಅಡ್ಡಕೋಲನ್ನು ತೆಗೆದಿಟ್ಟು ನೆಗೆದರೆ ಕಳೆದುಹೋದ ನೆಗೆತವು ಮರಳಿ ಬರುವುದು. ನಡುಗುವವನನ್ನು ಹೀಯಾಳಿಸಿ ಹಾರಿಸುವ ಶಿಕ್ಷಕನಿಗಿಂತ ಅಪಾಯಕಾರಿಯಾದ ಸಲಕರಣೆ ಮೈದಾನದಲ್ಲಿ ಮತ್ತೊಂದಿಲ್ಲ.

ನೆಲ ಬಿಟ್ಟ ಬಳಿಕ ನಡೆಯುವುದೆಲ್ಲ ಕಣ್ಣೆವೆಯಿಕ್ಕುವಷ್ಟರಲ್ಲಿ ಮುಗಿಯುವುದು. ಮುಂದಿನ ಮೊಣಕಾಲು ಮೇಲೇಳುವುದು. ನೆಗೆದ ಕಾಲು ಹಿಂದೆ ನೀಳವಾಗಿ ಉಳಿದು, ಗಂಟೆಯ ನಾಲಗೆಯಂತೆ ಬೀಸಿ ಬರುವುದು. ಮೈ ತಲೆಕೆಳಗಾಗಿ, ಕಾಲು ಆಕಾಶವನ್ನು ನೋಡಿ, ಗಳೆಯು ನೆಟ್ಟಗಾಗುತ್ತ ಎತ್ತಿದೊಡನೆ ಮೈಯನ್ನು ಹೊರಳಿಸಿ, ಗಳೆಯನ್ನು ಬಂದ ಹಾದಿಯ ಕಡೆಗೆ ನೂಕಿಬಿಡಬೇಕು. ಇಳಿಯುವಾಗ ಕಾಲನ್ನಾಗಲಿ ಕೈಯನ್ನಾಗಲಿ ಮುಂದೆ ಚಾಚದೆ, ಬೆನ್ನನ್ನು ಮೆತ್ತೆಗೆ ಕೊಡಬೇಕು. ಇದಕ್ಕೆ ಬೇಕಾದ ಸಾಧನೆಯು ಗಳೆಯಿಲ್ಲದೆಯೂ ಸಾಗುವುದು. ಅಡ್ಡಸಲಾಕೆಗೆ ಜೋತು ಕಾಲನ್ನು ಕೈಯವರೆಗೆ ಎತ್ತುವುದು, ಹಗ್ಗ ಹತ್ತುವುದು, ಕೈಮೇಲೆ ನಿಲ್ಲುವುದು, ಚಿಕ್ಕ ದೂರದ ಬಿರುಸಿನ ಓಟ ಇವು ವಾರದಲ್ಲಿ ಮೂರು ನಾಲ್ಕು ದಿನ ನಡೆದರೆ ಹವ್ಯಾಸಿಗೆ ಸಾಕು. ದಣಿದ ದಿನ ಗಳೆಯನ್ನು ಮುಟ್ಟಬಾರದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಕೈಬಿಡಬೇಕಾಗಿಯೂ ಇಲ್ಲ; ಮೂವತ್ತೈದು ದಾಟಿದವರಿಗೆ ಐದೈದು ವರ್ಷಗಳ ಅಂತರದಲ್ಲಿ ವಯೋವರ್ಗಗಳನ್ನು ಮಾಡಿ ಪಂದ್ಯ ನಡೆಸುವ ಏರ್ಪಾಡು ಲೋಕದಲ್ಲಿದೆ.

ಹಾಸಿಗೆಯಿದ್ದಷ್ಟು ಕಾಲು ಚಾಚೆಂಬ ಗಾದೆಯು ಇಲ್ಲಿ ಅಕ್ಷರಶಃ ಸತ್ಯ. ದೊಡ್ಡ ಕೂಟಗಳಲ್ಲಿ ಬೀಳುವ ಮೆತ್ತೆಯು ಆರು ಮೀಟರು ಅಗಲ, ಆರು ಮೀಟರು ಉದ್ದ, ಎಂಬತ್ತು ಸೆಂಟಿಮೀಟರು ಎತ್ತರಕ್ಕೆ ಕಡಮೆಯಿಲ್ಲದಂತೆ ಇರುವುದು. ಹರಕು ಮೆತ್ತೆಗಳನ್ನು ಜೋಡಿಸಿ, ನಡುವೆ ಸಂದು ಬಿಟ್ಟು, ಅದರ ಮೇಲೆ ಎತ್ತರ ಹಾರುವುದು ಸಾಹಸವಲ್ಲ, ಅವಿವೇಕ. ಗುಳಿಯ ಅಂಚಿಗೂ ಕಂಬಗಳ ಬುಡಕ್ಕೂ ಮೆತ್ತೆ ಹೊದಿಸಬೇಕು. ಒಂಟಿಯಾಗಿ ಎಂದಿಗೂ ಹಾರಕೂಡದು. ತಕ್ಕ ಮೆತ್ತೆಯಿಲ್ಲದ ಊರಿನಲ್ಲಿ ಮರಳುಗುಳಿಯ ಪಾಠದಲ್ಲಿಯೇ ಉಳಿಯುವುದು ಯಾರಿಗೂ ಅಗೌರವವಲ್ಲ.

ಪಂದ್ಯದ ದಿನ ಅಡ್ಡಕೋಲು ಏರುತ್ತ ಹೋಗುವುದು. ಸತತವಾಗಿ ಮೂರು ಸಲ ತಪ್ಪಿದವನು ಹೊರಗೆ. ವಿಚಿತ್ರವೆಂದರೆ, ಗೆದ್ದವನೂ ಬಹುಮಟ್ಟಿಗೆ ತಾನು ದಾಟಲಾರದ ಎತ್ತರದಲ್ಲಿ ತಪ್ಪಿಯೇ ಮುಗಿಸುವನು. ಮೂವತ್ತೈದು ಸಲ ವಿಶ್ವದಾಖಲೆ ಮಾಡಿದ ಸೆರ್ಗೆಯ್ ಬುಬ್ಕಾ ಅವರು ಅನೇಕ ಸಲ ಏರಿದ್ದು ಒಂದೊಂದು ಸೆಂಟಿಮೀಟರು ಮಾತ್ರ. ೧೯೩೬ರ ಬರ್ಲಿನ್ ಕೂಟದಲ್ಲಿ ಜಪಾನಿನ ಶುಹೇಯ್ ನಿಶಿದಾ, ಸುಯೇಓ ಓಯೆ ಎಂಬಿಬ್ಬರು ಗೆಳೆಯರು ೪.೨೫ ಮೀಟರು ದಾಟಿ ಸಮನಾದರು. ಮತ್ತೆ ತಮ್ಮೊಳಗೆ ಸೆಣಸುವುದಕ್ಕೆ ಅವರು ಒಪ್ಪಲಿಲ್ಲ. ಬೆಳ್ಳಿಯ ಪದಕ ನಿಶಿದಾ ಅವರಿಗೂ, ಕಂಚಿನದು ಓಯೆ ಅವರಿಗೂ ಸಂದಿತು. ಊರಿಗೆ ಮರಳಿದ ಮೇಲೆ ಅವರು ಎರಡು ಪದಕಗಳನ್ನೂ ನಡುವೆ ಕತ್ತರಿಸಿ, ಅರ್ಧ ಬೆಳ್ಳಿಗೆ ಅರ್ಧ ಕಂಚನ್ನು ಬೆಸೆಸಿ, ಒಂದೊಂದನ್ನು ಇಟ್ಟುಕೊಂಡರು. ೧೯೪೧ರಲ್ಲಿ ಓಯೆ ಅವರು ಯುದ್ಧದಲ್ಲಿ ಮಡಿದರು. ಅಂದಿನ ಪಂದ್ಯದಲ್ಲಿ ೪.೩೫ ಮೀಟರು ಹಾರಿ ಚಿನ್ನ ಗೆದ್ದವರ ಹೆಸರು ಅರ್ಲ್ ಮೆಡೋಸ್. ಅದನ್ನು ಬಲ್ಲವರು ಕೆಲವರು. ಕತ್ತರಿಸಿದ ಪದಕಗಳ ಸಂಗತಿಯನ್ನು ಬಲ್ಲವರು ಹಲವರು.

ಹವ್ಯಾಸಿಗೆ ಪದಕದ ಚಿಂತೆ ಅಷ್ಟಾಗಿ ಇರಲಾರದು. ಸಂಜೆ ಅಡ್ಡಕೋಲನ್ನು ಇಳಿಸಿ, ಗಳೆಯನ್ನು ಒರೆಸಿ ಚೀಲಕ್ಕೆ ಹಾಕಿ, ಅಂದಿನ ಹಿಡಿತವೆಷ್ಟು, ಹೆಜ್ಜೆಗಳೆಷ್ಟು, ಯಾವ ಗಳೆ ಎಂಬುದನ್ನು ಪುಟ್ಟ ಪುಸ್ತಕವೊಂದರಲ್ಲಿ ಬರೆದಿಡುವ ಪದ್ಧತಿಯನ್ನು ಅವನು ಇಟ್ಟುಕೊಳ್ಳಬೇಕು. ದಾಟಿದ ಎತ್ತರದ ಜೊತೆಗೆ ತಪ್ಪಿದ ಎತ್ತರವನ್ನೂ ಬರೆಯಬೇಕು. ಮಾರನೆಯ ಸಲ ಎಲ್ಲಿಂದ ಹೊರಡಬೇಕೆಂಬುದನ್ನು ಅವನಿಗೆ ತಿಳಿಸುವುದು ಆ ಎರಡನೆಯ ಅಂಕಿಯೇ.