ತಾರೀಕು ದಾಟಿದ ಸಾಲುಗಳು

ಮಾಡಬೇಕಾದ ಕೆಲಸಗಳನ್ನೆಲ್ಲ ನಾನು ಒಂದು ಸಾದಾ ಅಕ್ಷರದ ಕಡತದಲ್ಲಿ ಬರೆದಿಡುತ್ತೇನೆ, ಸಾಲಿಗೊಂದರಂತೆ. ಕೆನಡಾದ ಡಯಾನ್ ಸ್ಕೋಲ್ ಬರೆದ ‘ರಿಮೈಂಡ್’ ಎಂಬ ಪ್ರೋಗ್ರಾಂ ಅದನ್ನೋದಿ ಆ ದಿನದ್ದನ್ನಷ್ಟೇ ತೋರಿಸುತ್ತದೆ. ತಾರೀಕಿನ ಮುಂದೆ ‘+3’ ಎಂದು ಬರೆದರೆ ಮೂರು ದಿನ ಮೊದಲೇ ಹೇಳಲು ಶುರು. ಯೂನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಹೀಗೆ ಕಡತ ಓದಿ ನೆನಪಿಸುವುದು ಹಳೆಯ ರೂಢಿ. 1979ರ ಏಳನೇ ಆವೃತ್ತಿಯಲ್ಲೇ ‘ಕ್ಯಾಲೆಂಡರ್’ ಎಂಬ ಆಜ್ಞೆಯಿತ್ತು. ಇವತ್ತಿನದನ್ನೂ ನಾಳೆಯದನ್ನೂ ಹೇಳುತ್ತಿತ್ತು, ವಾರದ ಕೊನೆಯಾದರೆ ‘ನಾಳೆ’ಯನ್ನು ಸೋಮವಾರದ ತನಕ ಹಿಗ್ಗಿಸುತ್ತಿತ್ತು. ಎಂಥ ಮುತುವರ್ಜಿ!

ವರ್ಷ ಬರೆಯದ ಸಾಲು, ಮಗಳ ಹುಟ್ಟುಹಬ್ಬದಂಥದ್ದು, ಪ್ರತಿವರ್ಷ ಬರುತ್ತದೆ. ವರ್ಷ ಬರೆದದ್ದು ಒಂದೇ ಸಲ. ಆಮೇಲೆ ಮಾತಿಲ್ಲದೆ ಕಡತದಲ್ಲೇ ಉಳಿದುಬಿಡುತ್ತದೆ. ಅವನ್ನು ಗುಡಿಸಲು ರಿಮೈಂಡಿನಲ್ಲೇ ‘ಮೈನಸ್ ಜೆ’ ಎಂಬ ಸೌಕರ್ಯವಿದೆ. ಅದು ಮೂಲ ಕಡತವನ್ನು ಮುಟ್ಟದೆ, ಮುಗಿದದ್ದನ್ನು ಬಿಟ್ಟು ಬೇರೊಂದು ಕಡತ ಮಾಡಿಕೊಡುತ್ತದೆ. ಆದರೂ ನಾನು ಕೈಯಿಂದಲೇ ಅಳಿಸುವವನು. ಕಳೆದ ಭಾನುವಾರ ಕೂತಾಗ ಗಾಡಿಯ ಇನ್ಶೂರೆನ್ಸ್, ಟ್ಯಾಂಕ್ ತೊಳೆಸುವುದು ಎಲ್ಲ ಸರಸರ ಹೋದವು. ‘ಅಮ್ಮನ ಕಣ್ಣಿಗೆ ಹನಿ, ದಿನಕ್ಕೆ ನಾಲ್ಕು ಸಲ, ಇವತ್ತಿಗೆ ಕೊನೆ’ ಎಂಬ ಸಾಲಿನ ಹತ್ತಿರ ಕೈ ನಿಂತಿತು. ಪೊರೆ ತೆಗೆಸಿದ ಮೇಲೆ ಅಮ್ಮ ಮತ್ತೆ ಅಕ್ಕಿ ಆರಿಸತೊಡಗಿದ ದಿನಗಳವು. ಅದನ್ನು ಅಳಿಸಲಿಲ್ಲ. ಮುಂದೊಂದು ‘#’ ಹಾಕಿದೆ. ಆ ಗುರುತಿರುವ ಸಾಲನ್ನು ಪ್ರೋಗ್ರಾಂ ಓದುವುದಿಲ್ಲ, ನಾನು ಓದಬಹುದು.

ನಿಜವಾಗಿ ಎಚ್ಚರ ಬೇಕಾದದ್ದು ತಿಥಿಯ ಸಾಲುಗಳಲ್ಲಿ. ರಿಮೈಂಡಿಗೆ ಹೀಬ್ರೂ ಪಂಚಾಂಗದ ಲೆಕ್ಕ ಗೊತ್ತು, ನಮ್ಮ ತಿಥಿ ಗೊತ್ತಿಲ್ಲ. ಚಾಂದ್ರಮಾನದ ವರ್ಷ ಸುಮಾರು 354 ದಿನ. ವರ್ಷಕ್ಕೆ ಹನ್ನೊಂದು ದಿನ ಹಿಂದೆ ಸರಿಯುತ್ತ ಹೋಗಿ, ಅಧಿಕಮಾಸ ಬಂದಾಗ ಒಮ್ಮೆಲೇ ಮುಂದಕ್ಕೆ ಹಾರುತ್ತದೆ. 2023ರಲ್ಲಿ ಯುಗಾದಿ ಮಾರ್ಚ್ 22ಕ್ಕೆ ಇತ್ತು. ಆ ವರ್ಷ ಅಧಿಕ ಶ್ರಾವಣ ಬಂದದ್ದರಿಂದ 2024ರಲ್ಲಿ ಏಪ್ರಿಲ್ 9ಕ್ಕೆ ಹೋಯಿತು, 2025ರಲ್ಲಿ ಮತ್ತೆ ಮಾರ್ಚ್ 30ಕ್ಕೆ ಬಂತು. ಹಾಗಾಗಿ ಅಪ್ಪನ ತಿಥಿಯನ್ನು ನಾನು ಪ್ರತಿವರ್ಷ ಹೊಸ ಪಂಚಾಂಗ ನೋಡಿ, ವರ್ಷ ಸಮೇತ ಬರೆಯಬೇಕು. ಅಂದರೆ ಅದು ಪ್ರತಿವರ್ಷ ಮುಗಿದುಹೋಗುವ ಸಾಲು.

ಒಮ್ಮೆ ಹಳೆಯದನ್ನು ಗುಡಿಸುವ ಭರದಲ್ಲಿ ಅದೂ ಹೋಯಿತು. ಹೊಸದು ಬರೆದಿರಲಿಲ್ಲ. ಬರೆಯಬೇಕೆಂದು ನೆನಪಿಸುತ್ತಿದ್ದುದೇ ಆ ಹಳೆಯ ಸಾಲು. ಅಕ್ಕ ಫೋನ್ ಮಾಡಿ, “ನಾಡಿದ್ದು ಅಪ್ಪನ ತಿಥಿ ಕಣೋ, ಪುರೋಹಿತರಿಗೆ ಹೇಳಿದ್ಯಾ?” ಅಂದಾಗ ಎದೆ ಧಸಕ್ಕೆಂದಿತು. ಆ ವರ್ಷ ಕಾರ್ಯ ನಡೆದದ್ದು ಅಕ್ಕನಿಂದ.

ನಿಮ್ಮಲ್ಲೂ ಇಂಥ ಕಡತವೋ, ಮೊಳೆಗೆ ತೂಗುಹಾಕಿದ ಕ್ಯಾಲೆಂಡರೋ ಇದ್ದರೆ ಒಂದು ಮಾತು. ಹಳೆಯದನ್ನು ತೆಗೆಯುವ ಮೊದಲು ಪಂಚಾಂಗ ಬಿಚ್ಚಿ, ಮುಂದಿನ ವರ್ಷದ ತಿಥಿಗಳನ್ನು ಬರೆದುಕೊಳ್ಳಿ. ಆಮೇಲೆ ಅಳಿಸಿ.