ಟ್ರಿನಿಡಾಡ್ ದ್ವೀಪದ ಚಿತ್ರಮತ್ಸ್ಯಗಳು

ದಕ್ಷಿಣ ಅಮೆರಿಕಾ ಖಂಡದ ಈಶಾನ್ಯದ ಅಂಚಿನಲ್ಲಿ, ವೆನಿಜುವೆಲಾ ದೇಶದ ತೀರದಿಂದ ಹನ್ನೊಂದು ಕಿಲೋಮೀಟರಿನಷ್ಟೇ ದೂರದಲ್ಲಿ, ಟ್ರಿನಿಡಾಡ್ ಎಂಬ ದ್ವೀಪವಿರುವುದು. ಕ್ರಿಕೆಟ್ ಆಟದ ಸುದ್ದಿಯನ್ನು ಓದುವ ಮನೆಗಳಲ್ಲಿ ಬ್ರಯನ್ ಲಾರಾನ ಜನ್ಮಭೂಮಿಯೆಂದು ಇದರ ಹೆಸರು ಕೇಳಿಬಂದಿರಬಹುದು. 1845ನೆಯ ಇಸವಿ ಮೇ 30ರಂದು 'ಫಾತೆಲ್ ರಜಾಕ್' ಎಂಬ ಹಡಗು ನಮ್ಮ ದೇಶದ ಕೂಲಿಯವರ ಮೊದಲನೆಯ ತಂಡವನ್ನು ಅಲ್ಲಿ ಇಳಿಸಿತು. ಅಲ್ಲಿಂದ 1917ರ ವರೆಗೆ ಒಂದು ಲಕ್ಷದ ನಲವತ್ತು ಸಾವಿರಕ್ಕೂ ಮಿಕ್ಕ ಭಾರತೀಯರು ಕಬ್ಬಿನ ತೋಟಗಳ ಕರಾರಿಗೆ ಕಟ್ಟುಬಿದ್ದು ಆ ದ್ವೀಪವನ್ನು ಸೇರಿದರು. ಅವರ ಮರಿಮಕ್ಕಳು ಇಂದಿಗೂ ಅಜ್ಜನನ್ನು 'ಆಜಾ' ಎಂದೂ ತಾಯಿಯ ತಾಯಿಯನ್ನು 'ನಾನಿ' ಎಂದೂ ಕರೆಯುವರು. ಬೀದಿಯ ಮೂಲೆಮೂಲೆಯಲ್ಲಿಯೂ 'ಡಬಲ್ಸ್' ಎಂಬ ತಿಂಡಿಯು ದೊರೆಯುವುದು. ಎರಡು ಮೆದುವಾದ 'ಬರಾ'ಗಳ ನಡುವೆ ಬೇಯಿಸಿದ ಕಡಲೆಯ ಗೊಜ್ಜು. ನಮಗೆ ಅದು ಬಹಳ ಹಿಡಿಸಿತು.

ನಮ್ಮ ಸೋದರಳಿಯನು ಅಲ್ಲಿ ವೈದ್ಯನಾಗಿರುವನು. ಅವನ ಆಹ್ವಾನದ ಮೇರೆಗೆ ಕಳೆದ ಫೆಬ್ರುವರಿ ತಿಂಗಳಿನಲ್ಲಿ ನಾವು ಅಲ್ಲಿಗೆ ಹೋಗಿದ್ದೆವು. ಕಡಲತೀರಗಳನ್ನೂ ಕಾರ್ನಿವಲ್ ಉತ್ಸವವನ್ನೂ ತೋರಿಸಬೇಕೆಂದು ಅವನ ಆಸೆ. ನಮಗೋ ಉತ್ತರದ ಬೆಟ್ಟಗಳ ಹಳ್ಳಗಳನ್ನು ನೋಡಬೇಕೆಂಬ ಹಂಬಲ. "ಮಾವ, ಬೆರಳಿನ ಗೆಣ್ಣಿನಷ್ಟಿರುವ ಮೀನನ್ನು ನೋಡಲು ಇಷ್ಟು ದೂರ ಬಂದಿರಾ? ನಮ್ಮ ಬೆಂಗಳೂರಿನ ಚರಂಡಿಯಲ್ಲಿಯೇ ಇದೆಯಲ್ಲ!" ಎಂದು ಅವನು ನಕ್ಕನು. ಅವನ ಮಾತು ನಿಜವೇ. ನಾವು ನೋಡಲು ಹೋದದ್ದು ಗಪ್ಪಿ ಮೀನು. ಗಾಜಿನ ತೊಟ್ಟಿಗಳಲ್ಲಿ ಮಕ್ಕಳು ಸಾಕುವ, ಸೊಳ್ಳೆಯ ಮರಿಗಳನ್ನು ತಿನ್ನಲೆಂದು ಆರೋಗ್ಯ ಇಲಾಖೆಯವರು ಬಾವಿಗಳಿಗೆ ಬಿಡುವ ಮೀನೇ ಇದು. ಆದರೆ ತೊಟ್ಟಿಯಲ್ಲಿ ಕಾಣುವ ಬಣ್ಣವು ಸಾಕುವವರು ಆರಿಸಿ ಬೆಳೆಸಿದ ಬಣ್ಣ. ಅದರ ತವರಿನಲ್ಲಿ ಅದಕ್ಕೆ ಬಣ್ಣವನ್ನು ಕೊಡುವವರು ಯಾರು, ಕಿತ್ತುಕೊಳ್ಳುವವರು ಯಾರು ಎಂಬುದೇ ನಮ್ಮ ಕುತೂಹಲವಾಗಿದ್ದಿತು.

ಹೆಸರಿನ ವಿಷಯವನ್ನು ಮೊದಲು ಹೇಳಿಬಿಡುವೆವು. ರಾಬರ್ಟ್ ಜಾನ್ ಲೆಕ್ಮಿಯರ್ ಗಪ್ಪಿ ಎಂಬವರು ಟ್ರಿನಿಡಾಡಿನಲ್ಲಿ ಶಾಲೆಗಳ ಇನ್‌ಸ್ಪೆಕ್ಟರಾಗಿ ಬಹುಕಾಲ ಕೆಲಸ ಮಾಡಿದವರು. ಅವರು ಕಳುಹಿಸಿದ ಮೀನುಗಳನ್ನು ನೋಡಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಗುಂಥರ್ ಪಂಡಿತರು 1866ರಲ್ಲಿ ಅವರ ಹೆಸರನ್ನೇ ಇಟ್ಟರು. ಅದಕ್ಕೆ ಏಳು ವರ್ಷಗಳ ಮೊದಲೇ ಪೀಟರ್ಸ್ ಎಂಬ ಜರ್ಮನ್ ಪಂಡಿತರು ವೆನಿಜುವೆಲಾದಿಂದ ಬಂದ ಇದೇ ಮೀನಿಗೆ ಬೇರೆ ನಾಮಕರಣ ಮಾಡಿದ್ದರಾದುದರಿಂದ ಶಾಸ್ತ್ರೀಯ ಗ್ರಂಥಗಳಲ್ಲಿ ಗಪ್ಪಿಯವರ ಹೆಸರು ನಿಲ್ಲಲಿಲ್ಲ. ಜನರ ಬಾಯಲ್ಲಿ ಮಾತ್ರ ನಿಂತಿತು. ಇನ್‌ಸ್ಪೆಕ್ಟರೆಂದರೆ ನಮ್ಮಂತಹ ಉಪಾಧ್ಯಾಯರಿಗೆ ರಿಜಿಸ್ಟರಿನ ತಪಾಸಣೆಯೇ ನೆನಪಿಗೆ ಬರುವುದು. ಹಳ್ಳದ ಮೀನಿನಲ್ಲಿ ಶಾಶ್ವತವಾಗಿ ಉಳಿದ ಇನ್‌ಸ್ಪೆಕ್ಟರು ಇವರೊಬ್ಬರೇ ಇರಬಹುದು.

ಅರಿಮಾ ಎಂಬ ಪಟ್ಟಣವನ್ನು ದಾಟಿ ಉತ್ತರಕ್ಕೆ ತಿರುಗಿದರೆ ದಾರಿಯು ಬೆಟ್ಟವನ್ನೇರುವುದು. ಈ ಶ್ರೇಣಿಯ ಅತ್ಯುನ್ನತ ಶಿಖರವಾದ ಅರಿಪೋವಿನ ಎತ್ತರ ಸುಮಾರು 940 ಮೀಟರು. ಮಲೆನಾಡನ್ನು ಕಂಡವರಿಗೆ ಈ ಕಾಡು ಪರಕೀಯವೆನಿಸದು. ಅದೇ ತೇವ, ಅದೇ ಹಸಿರು ಕತ್ತಲೆ, ಅದೇ ಬಿದಿರು. ಹಳೆಯ ಕೋಕೋ ತೋಟಗಳಿಗೆ ನೆರಳಾಗಿ ನೆಟ್ಟಿರುವ 'ಇಮ್ಮಾರ್ಟೆಲ್' ಮರಗಳು ಕಿತ್ತಳೆಯ ಬಣ್ಣದ ಹೂಗಳಿಂದ ಬೆಟ್ಟದ ಮೈಯನ್ನೆಲ್ಲಾ ಉರಿಸುತ್ತಿದ್ದುವು. ಹತ್ತಿರ ಹೋಗಿ ನೋಡಿದರೆ ಅದು ನಮ್ಮ ಹಾಲುವಾಣದ ಕುಲದ ಮರವೇ. ಸಂಸ್ಕೃತದಲ್ಲಿ ಪಾರಿಭದ್ರವೆಂದು ಕರೆಯುವೆವಲ್ಲ, ಅದರ ದಾಯಾದಿ. ಎಲ್ಲಿಯೋ ಒಂದು ಹಕ್ಕಿಯು ಕಮ್ಮಾರನು ಅಡಿಗಲ್ಲಿನ ಮೇಲೆ ಸುತ್ತಿಗೆಯಿಂದ ಹೊಡೆದಂತೆ ಕೂಗುತ್ತಿದ್ದಿತು.

ಅರಿಪೋ ಹೊಳೆಯ ಕೆಳಭಾಗದಲ್ಲಿ, ನೀರು ಅಗಲವಾಗಿ ಹರಿಯುವೆಡೆಯಲ್ಲಿ, ನಾವು ಮೊದಲು ಇಳಿದೆವು. ನೀರು ತಿಳಿಯಾಗಿದ್ದಿತು, ತಳದ ನೊರಜುಗಲ್ಲುಗಳನ್ನು ಎಣಿಸಬಹುದಾಗಿದ್ದಿತು. ಅಂಚಿನ ಆಳವಿಲ್ಲದ ನೀರಿನಲ್ಲಿ ಬೂದುಬಣ್ಣದ ಸಣ್ಣ ಮೀನುಗಳು ಗುಂಪುಗುಂಪಾಗಿದ್ದುವು. ದೊಡ್ಡವು ಹೆಣ್ಣು, ಬಣ್ಣವಿಲ್ಲದವು, ಚಿಕ್ಕವು ಗಂಡು. ಗಂಡಿನ ಮೈಮೇಲೆ ಚುಕ್ಕೆಗಳಿದ್ದುವು, ಇಲ್ಲವೆನ್ನಲಾರೆವು. ಆದರೆ ಸಾಸಿವೆಯಷ್ಟು ಸಣ್ಣವು, ಎಣಿಕೆಗೂ ಅಲ್ಪ. ಕಲ್ಲಿನ ಮೇಲೆ ಮೀನು ನಿಂತರೆ ಮೀನು ಯಾವುದು, ಕಲ್ಲು ಯಾವುದು ಎಂದು ತಿಳಿಯುತ್ತಿರಲಿಲ್ಲ. ಜೊತೆಗೆ ಬಂದಿದ್ದ ಕಾರಿನ ಚಾಲಕನು, ಭೋಜಪುರಿ ಮೂಲದ ಹುಡುಗ, ಬಾಲ್ಯದಲ್ಲಿ ಇವನ್ನು ಸೀಸೆಯಲ್ಲಿ ಹಿಡಿದು ಆಡಿದವನು. ಅವನು ಮಾತನಾಡದೆ ಮಡುವಿನ ನಡುವಣ ಬಂಡೆಯ ನೆರಳನ್ನು ತೋರಿಸಿದನು. ಅಲ್ಲಿ ಗೇಣುದ್ದದ ಒಂದು ಮೀನು ಅಲುಗಾಡದೆ ನಿಂತಿದ್ದಿತು. ಇದೇ ಪೈಕ್ ಸಿಕ್ಲಿಡ್. ದೊಡ್ಡ ಗಪ್ಪಿಗಳನ್ನೇ ಹುಡುಕಿ ನುಂಗುವ ಮೃತ್ಯು.

ಅಲ್ಲಿಂದ ಬಂಡೆಗಳನ್ನು ಹತ್ತಿ, ಒಂದು ಅಬ್ಬಿಯ ಮೇಲ್ಗಡೆಯ ಕಿರಿಯ ತೊರೆಯನ್ನು ಸೇರುವ ಹೊತ್ತಿಗೆ ನಮ್ಮ ಅರವತ್ತರ ಮೊಣಕಾಲುಗಳು ಸಾಕೆಂದುವು. ಆದರೆ ಅಲ್ಲಿ ಕಂಡದ್ದು ಆಯಾಸವನ್ನು ಮರೆಯಿಸಿತು. ಅದೇ ಮೀನು, ಅದೇ ಜಾತಿ. ಗಂಡುಗಳ ಮೈಮೇಲೆ ಮಾತ್ರ ಕಿತ್ತಳೆ, ಕಪ್ಪು, ಹಳದಿ, ನವಿಲುಗರಿಯ ನೀಲಿ! ಒಂದರ ಬಾಲದ ಬುಡದಲ್ಲಿ ಕುಂಕುಮದ ಬೊಟ್ಟು, ಇನ್ನೊಂದರ ಪಕ್ಕೆಯಲ್ಲಿ ಕಾಡಿಗೆಯ ಗೆರೆ. ಒಂದರಂತೆ ಮತ್ತೊಂದಿಲ್ಲ. ಹೆಣ್ಣಿನ ಮುಂದೆ ಗಂಡು ತನ್ನ ಮೈಯನ್ನು ಬಿಲ್ಲಿನಂತೆ ಬಾಗಿಸಿ ನಡುಗಿಸುತ್ತಿದ್ದಿತು. ಶಫರಿಯ ಹೊರಳಾಟವನ್ನು ಕಣ್ಣೋಟಕ್ಕೆ ಹೋಲಿಸಿದ ನಮ್ಮ ಕವಿಗಳು ಈ ತೊರೆಯನ್ನು ಕಂಡಿದ್ದರೆ ಇನ್ನೂ ಏನೇನು ಹೇಳುತ್ತಿದ್ದರೋ! ಅಬ್ಬಿಯನ್ನು ಹತ್ತಲಾರದ ಪೈಕ್ ಸಿಕ್ಲಿಡ್ ಇಲ್ಲಿಲ್ಲ. ಇಲ್ಲಿರುವ ಶತ್ರು ರಿವ್ಯುಲಸ್ ಎಂಬ ಕಿರುಮೀನು. ಅದು ತಿನ್ನುವುದು ಹೆಚ್ಚಾಗಿ ಗಪ್ಪಿಯ ಮರಿಗಳನ್ನು, ಇನ್ನೂ ಬಣ್ಣ ಬಾರದವುಗಳನ್ನು.

ಕೆಳಗೆ ಬಡವ, ಮೇಲೆ ಸಿಂಗಾರ. ನಡುವೆ ಒಂದು ಅಬ್ಬಿ. ಇದು ಆಕಸ್ಮಿಕವೋ, ಕಾರ್ಯಕಾರಣಸಂಬಂಧವೋ? ಅಮೆರಿಕಾದ ಕ್ಯಾರಿಲ್ ಹಾಸ್ಕಿನ್ಸ್ ಮತ್ತು ಅವರ ಪತ್ನಿ ಎಡ್ನಾ ಮೊದಲಾದವರು 1950ರ ಸುಮಾರಿನಿಂದ ಈ ಹಳ್ಳಗಳಲ್ಲಿ ಈ ವ್ಯತ್ಯಾಸವನ್ನು ಕಂಡಿದ್ದರು. ಜಾನ್ ಎಂಡ್ಲರ್ ಎಂಬ ವಿಜ್ಞಾನಿಯು ಅದನ್ನು ಪರೀಕ್ಷೆಗೆ ಒಡ್ಡಿದರು. ಅವರು ಪ್ರಿನ್‌ಸ್ಟನ್ ನಗರದ ಗಾಜಿನ ಮನೆಯೊಂದರಲ್ಲಿ ಹತ್ತು ಕೊಳಗಳನ್ನು ಕಟ್ಟಿಸಿ, ಕೆಲವುಗಳ ತಳದಲ್ಲಿ ನುಣ್ಣನೆಯ ಜಲ್ಲಿಯನ್ನೂ ಕೆಲವುಗಳಲ್ಲಿ ದಪ್ಪ ಜಲ್ಲಿಯನ್ನೂ ಹರಡಿಸಿ, ಗಪ್ಪಿಗಳನ್ನು ಬಿಟ್ಟರು. ಅನಂತರ ಕೆಲವು ಕೊಳಗಳಿಗೆ ಪೈಕ್ ಸಿಕ್ಲಿಡ್ಡನ್ನೂ, ಕೆಲವಕ್ಕೆ ರಿವ್ಯುಲಸ್ಸನ್ನೂ ಬಿಟ್ಟು, ಉಳಿದವನ್ನು ಶತ್ರುರಹಿತವಾಗಿಟ್ಟರು. ಹದಿನಾಲ್ಕು ತಿಂಗಳುಗಳ ಮೇಲೆ ನೋಡಲಾಗಿ, ಪೈಕ್ ಇದ್ದ ಕೊಳಗಳಲ್ಲಿ ಗಂಡುಗಳ ಚುಕ್ಕೆಗಳು ಕಡಮೆಯಾಗಿದ್ದುವು. ಉಳಿದ ಕೊಳಗಳಲ್ಲಿ ಹೆಚ್ಚಾಗಿದ್ದುವು. ಇನ್ನೂ ಸೋಜಿಗವೆಂದರೆ, ಪೈಕ್ ಇದ್ದಲ್ಲಿ ಚುಕ್ಕೆಗಳ ಗಾತ್ರವು ತಳದ ಜಲ್ಲಿಯ ಗಾತ್ರವನ್ನು ಅನುಸರಿಸಿದ್ದಿತು. ಅಪಾಯವಿಲ್ಲದಲ್ಲಿ ಜಲ್ಲಿಗೆ ವಿರುದ್ಧವಾಗಿ, ಎದ್ದುಕಾಣುವಂತೆ ಬೆಳೆದಿದ್ದಿತು. 1976ರಲ್ಲಿ ಎಂಡ್ಲರರು ಅರಿಪೋ ಹೊಳೆಯಿಂದ, ಪೈಕಿನ ಭಯದಲ್ಲಿದ್ದ 200 ಗಪ್ಪಿಗಳನ್ನು ಎತ್ತಿ, ಗಪ್ಪಿಗಳೇ ಇಲ್ಲದ ಒಂದು ಉಪತೊರೆಗೆ ಬಿಟ್ಟರು. ಅಲ್ಲಿ ರಿವ್ಯುಲಸ್ ಮಾತ್ರವಿದ್ದಿತು. ಎರಡು ವರ್ಷ ತುಂಬುವ ಮೊದಲೇ ಅವುಗಳ ಸಂತತಿಯ ಗಂಡುಗಳು ಬಣ್ಣವನ್ನು ತಳೆದುವು.

ಜೀವಿಗಳ ವಿಕಾಸವೆಂದರೆ ಲಕ್ಷಾಂತರ ವರ್ಷಗಳ ಮಾತು ಎಂದು ಕೇಳಿ ಬೆಳೆದ ನಮಗೆ ಈ ಲೆಕ್ಕವು ವಿಸ್ಮಯವನ್ನುಂಟುಮಾಡುವುದು. ಒಂದು ತಲೆಮಾರಿಗೆ ಕೆಲವೇ ತಿಂಗಳುಗಳು ಸಾಕಾಗುವ ಈ ಮೀನಿನಲ್ಲಿ, ಹುಡುಗನೊಬ್ಬನು ಮಿಡ್ಲ್‌ಸ್ಕೂಲಿನಿಂದ ಹೈಸ್ಕೂಲಿಗೆ ಹೋಗುವಷ್ಟರಲ್ಲಿ ಪ್ರಾಕೃತಿಕ ವರಣವು ತನ್ನ ಕೆಲಸವನ್ನು ಮುಗಿಸಿಬಿಡಬಲ್ಲದು.

ಹಾಗಾದರೆ ಪ್ರಾಣಕ್ಕೆ ಕುತ್ತಾಗುವ ಬಣ್ಣವಾದರೂ ಏಕೆ? ಹೆಣ್ಣು ಒಪ್ಪುವುದು ಬಣ್ಣದ ಗಂಡನ್ನು. ಅದರಲ್ಲಿಯೂ ಕಿತ್ತಳೆಯ ಚುಕ್ಕೆಯನ್ನು. ಈ ಕಿತ್ತಳೆಯಲ್ಲಿ ಒಂದು ಭಾಗವನ್ನು ಮೀನು ತಾನೇ ತಯಾರಿಸಿಕೊಳ್ಳುವುದು. ಇನ್ನೊಂದು ಭಾಗವು, ಗಜ್ಜರಿಗೆ ಬಣ್ಣವನ್ನು ಕೊಡುವ ವರ್ಗದ ದ್ರವ್ಯವು, ಆಹಾರದಿಂದಲೇ ಬರಬೇಕು. ಅದು ಬಹುಮಟ್ಟಿಗೆ ಪಾಚಿಯಲ್ಲಿರುವುದು. ಕಾಡು ದಟ್ಟವಾಗಿ ಬಿಸಿಲು ಬೀಳದ ತೊರೆಯಲ್ಲಿ ಪಾಚಿ ಕಡಮೆ. ಆದುದರಿಂದ ಅಲ್ಲಿ ಈ ದ್ರವ್ಯವೂ ದುರ್ಲಭ. ಹೊಟ್ಟೆಗೆ ಗಳಿಸಬಲ್ಲವನಾರೆಂಬುದನ್ನು ಹೆಣ್ಣು ಗಂಡಿನ ಮೈಮೇಲೆಯೇ ಓದಿಕೊಳ್ಳುವುದೆಂದಾಯಿತು. ಇಷ್ಟೇ ಅಲ್ಲ. ಇವುಗಳ ಪ್ರಣಯವು ಹೆಚ್ಚಾಗಿ ನಡೆಯುವುದು ಮುಂಜಾವಿನಲ್ಲಿ ಮತ್ತು ಸಂಜೆಯಲ್ಲಿ. ಆ ಮಬ್ಬು ಬೆಳಕಿನಲ್ಲಿ ಗಂಡಿನ ಬಣ್ಣವು ಹೆಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿ ವೈರಿಗೆ ಕಾಣದು. ಗೋಧೂಳಿಲಗ್ನಕ್ಕೆ ಇದಕ್ಕಿಂತ ಒಳ್ಳೆಯ ಸಮರ್ಥನೆಯನ್ನು ಯಾವ ಜೋಯಿಸರೂ ಕೊಟ್ಟಿರಲಾರರು!

ನಿರುಕ್ತಕಾರರು 'ವರ್ಣ' ಶಬ್ದವನ್ನು 'ವೃ' ಧಾತುವಿನಿಂದ ಸಾಧಿಸುವರು. ಆ ಧಾತುವಿಗೆ ಆರಿಸಿಕೊಳ್ಳುವುದೆಂಬ ಅರ್ಥವೂ ಉಂಟು, ಮುಚ್ಚುವುದೆಂಬ ಅರ್ಥವೂ ಉಂಟು. 'ವರ'ನೂ ಅದರಿಂದಲೇ, 'ಆವರಣ'ವೂ ಅದರಿಂದಲೇ. ವಿದ್ಯಾರ್ಥಿಗಳಿಗೆ ಇದನ್ನು ಎಷ್ಟೋ ಸಲ ಹೇಳಿಕೊಟ್ಟಿರುವೆವು. ಅದಕ್ಕೆ ಇಂತಹ ಉದಾಹರಣೆಯು ಕೆರಿಬಿಯನ್ ಸಮುದ್ರದ ಅಂಚಿನ ತೊರೆಯಲ್ಲಿ ದೊರೆತೀತೆಂದು ಎಣಿಸಿರಲಿಲ್ಲ.

ಒಂದರಂತೆ ಒಂದಿಲ್ಲವೆಂದೆವಷ್ಟೆ. ಅದಕ್ಕೂ ಕಾರಣವುಂಟು. ತೊರೆಗಳಲ್ಲಿ ಒಂದು ಬಗೆಯ ಗಂಡುಗಳನ್ನು ಹೆಚ್ಚಾಗಿಯೂ ಇನ್ನೊಂದು ಬಗೆಯವನ್ನು ವಿರಳವಾಗಿಯೂ ಬಿಟ್ಟು ನೋಡಿದ ವಿದ್ವಾಂಸರು, ವಿರಳವಾದ ಬಗೆಯ ಗಂಡುಗಳೇ ಹೆಚ್ಚಾಗಿ ಬದುಕುಳಿದುವೆಂದು 2006ರಲ್ಲಿ ಪ್ರಕಟಿಸಿದರು. ಹೆಣ್ಣುಗಳೂ ಹೊಸ ಬಗೆಯ ಗಂಡನ್ನೇ ಇಷ್ಟಪಡುವುವೆಂದು ತಿಳಿದುಬಂದಿರುವುದು. ಹೀಗಿರಲು ಯಾವುದೊಂದು ಚಿತ್ತಾರವೂ ಉಳಿದೆಲ್ಲವನ್ನೂ ಗೆದ್ದು ನಿಲ್ಲಲಾರದು. ಗೆದ್ದೊಡನೆಯೇ ಅದು ಸಾಮಾನ್ಯವಾಗಿಬಿಡುವುದು.

ಹೊರಡುವ ಹಿಂದಿನ ದಿನ ತುರೂರೆ ಎಂಬ ಹೊಳೆಯನ್ನು ನೋಡಿದೆವು. ಬಂಡೆಗಳ ಮೇಲೆ ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ಚೆಲುವಾದ ನೀರು. ಗಪ್ಪಿಗಳೂ ಯಥೇಚ್ಛವಾಗಿದ್ದುವು. ಆದರೆ ಇವು ಈ ಹೊಳೆಯ ಮೂಲನಿವಾಸಿಗಳಲ್ಲ. 1957ರಲ್ಲಿ ಹಾಸ್ಕಿನ್ಸರು ಬೇರೊಂದು ನದೀಕೊಳ್ಳಕ್ಕೆ ಸೇರಿದ ಗ್ವಾನಾಪೋ ಹೊಳೆಯಿಂದ 200 ಗಪ್ಪಿಗಳನ್ನು ತಂದು, ತುರೂರೆಯ ಅಬ್ಬಿಗಳ ಮೇಲ್ಗಡೆ, ಗಪ್ಪಿಗಳಿಲ್ಲದ ಭಾಗದಲ್ಲಿ, ಪ್ರಯೋಗಕ್ಕಾಗಿ ಬಿಟ್ಟರು. ನೀರು ಮೇಲಿನಿಂದ ಕೆಳಕ್ಕೆ ಹರಿಯುವುದಷ್ಟೆ. ಮೀನುಗಳೂ ಇಳಿದುವು. ಕೆಳಗೆ ಬಹುಕಾಲದಿಂದ ಬೇರೆಯಾಗಿಯೇ ಬೆಳೆದು ಬಂದಿದ್ದ ಆ ಹೊಳೆಯ ಸ್ವಂತ ಗಪ್ಪಿಗಳು ಇವುಗಳೊಡನೆ ಬೆರೆತು, ಐವತ್ತು ವರ್ಷಗಳಲ್ಲಿ ಬಹುಪಾಲು ಅಳಿಸಿಹೋದುವು. ದ್ವೀಪದ ಇತರ ಹಳ್ಳಗಳಿಗೆ ಕಲ್ಲುಗಣಿಗಳ ಕೆಸರಿನ ಭಯವಿರುವುದು. ಈ ಹೊಳೆಗೆ ಒದಗಿದ ನಷ್ಟಕ್ಕೆ ಕೆಸರೂ ಬೇಕಾಗಲಿಲ್ಲ, ವಿಷವೂ ಬೇಕಾಗಲಿಲ್ಲ.

ಆ ಬಂಡೆಯ ಮೇಲೆ ಕುಳಿತಾಗ ನಮಗೆ ನಮ್ಮ ನಾಡಿನ ಕೆರೆಬಾವಿಗಳ ಚಿಂತೆ ಹತ್ತಿತು. ಮಲೇರಿಯಾ ನಿವಾರಣೆಗಾಗಿ ಗಪ್ಪಿಯನ್ನು ಭಾರತಕ್ಕೆ ತಂದು ನೂರು ವರ್ಷಗಳಿಗೂ ಮೇಲಾಯಿತು. ಮುಚ್ಚಿದ ತೊಟ್ಟಿಯಲ್ಲಿ, ಹೊರದಾರಿಯಿಲ್ಲದ ಬಾವಿಯಲ್ಲಿ ಅದು ಸೊಳ್ಳೆಯ ಮರಿಯನ್ನು ತಿಂದರೆ ಯಾರ ಆಕ್ಷೇಪಣೆಯೂ ಇಲ್ಲ. ಆದರೆ ಮಕ್ಕಳು ಸಾಕಿ ಬೇಸರವಾದಾಗ ಹಳ್ಳಕ್ಕೆ ಸುರಿಯುವುದೂ, ಹೂಳೆತ್ತಿದ ಕೆರೆಗೆಲ್ಲಾ ತಂದು ಬಿಡುವುದೂ ಬೇರೆ ಮಾತು. ಮಳೆಗಾಲದಲ್ಲಿ ಕೋಡಿಬಿದ್ದ ಕೆರೆಯ ನೀರು ಎಲ್ಲಿಗೆ ಹೋಗುವುದೆಂದು ನಮ್ಮ ವಾಚಕರಿಗೆ ಹೇಳಬೇಕಾಗಿಲ್ಲ.

ಸೊಳ್ಳೆಯ ಮರಿಯನ್ನು ತಿನ್ನುವ ಮೀನು ನಮ್ಮ ನೀರಿನಲ್ಲಿಯೇ ಇರುವುದು. ಗದ್ದೆಯ ಕಾಲುವೆಯಲ್ಲಿ, ಕೆರೆಯ ಅಂಚಿನ ಜೊಂಡಿನ ಬಳಿಯಲ್ಲಿ, ನೀರಿನ ಮೇಲ್ಮೈಗೆ ಅಂಟಿದಂತೆ ಈಜುವ ಬೆರಳುದ್ದದ ಮೀನದು. ಶಾಸ್ತ್ರಜ್ಞರು ಅಪ್ಲೋಕೈಲಸ್ ಎನ್ನುವರು. ಚಪ್ಪಟೆಯಾದ ತಲೆ, ಮೇಲ್ಮೊಗವಾದ ಬಾಯಿ, ಮೈಮೇಲೆ ಹೊಳೆಯುವ ಚುಕ್ಕೆಗಳ ಸಾಲು. ದಡದಲ್ಲಿ ನಿಂತು ಮೇಲಿನಿಂದ ನೋಡಿದರೆ ನೆತ್ತಿಯ ಮೇಲೆ ಬೆಳ್ಳಿಯ ಬೊಟ್ಟಿನಂತಹ ಒಂದು ಚುಕ್ಕೆ ಮಿನುಗುವುದು. ಗುರುತಿಸಲು ಅಷ್ಟೇ ಸಾಕು.