ಬಿಟ್ಟ ಊರುಗಳ ಪಟ್ಟಿ

ಮೊದಲ ಸಲ ಯುರೋಪಿಗೆ ಹೊರಟವರು ನೋಡಬೇಕಾದ ಊರುಗಳ ಪಟ್ಟಿ ಮಾಡುತ್ತಾರೆ. ಪೋರ್ಚುಗಲ್ಲಿಗೆ ಹೋಗುವುದೆಂದು ನಾವು ಅಕ್ಕತಂಗಿಯರು ತೀರ್ಮಾನಿಸಿದಾಗ, ಅಕ್ಕ ಬಿಡಬೇಕಾದ ಊರುಗಳ ಪಟ್ಟಿ ಬರೆಯಲು ಕೂತಳು. ಬ್ಯಾಂಕಿನಲ್ಲಿ ದುಡಿದು ನಿವೃತ್ತಳಾದವಳು. ಕೈಯಲ್ಲಿರುವ ಮೊತ್ತವನ್ನು ಮೊದಲು ಬರೆದು, ಅದರ ಕೆಳಗೊಂದು ಗೆರೆ ಎಳೆದು, ಆಮೇಲೆ ಖರ್ಚಿಗೆ ಇಳಿಯುವುದು ಅವಳ ಪದ್ಧತಿ. ಗೆರೆಯ ಕೆಳಗೆ ಮೊದಲು ಬಂದದ್ದು ‘ಸ್ಪೇನ್ – ಬೇಡ’. ಆಮೇಲೆ ದಕ್ಷಿಣದ ಅಲ್ಗಾರ್ವ್ ಕಡಲತೀರ, ಮದೀರಾ ದ್ವೀಪ.

“ಅಷ್ಟು ದೂರ ಹೋಗಿ ಪಕ್ಕದ ಸ್ಪೇನ್ ನೋಡದೆ ಬರುವುದಾ ಅಕ್ಕ?” ಎಂದೆ.

“ಸ್ಪೇನಿನ ಪಕ್ಕದಲ್ಲಿ ಫ್ರಾನ್ಸೂ ಉಂಟಲ್ಲ ಮಾರಾಯ್ತಿ. ಎಲ್ಲಿಗೆ ನಿಲ್ಲಿಸುತ್ತಿ?”

ಆ ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೆಯೇ ನಮ್ಮ ಪ್ರವಾಸಕ್ಕೊಂದು ಆಕಾರ ಬಂತು. ಪ್ರತಿ ಹೊಸ ಊರಿಗೂ ಒಂದು ಟಿಕೆಟ್, ಪೆಟ್ಟಿಗೆ ಕಟ್ಟುವುದು, ಬಿಚ್ಚುವುದು, ರೂಮಿನ ಬಾಗಿಲು ತೆರೆಯುವ ತನಕ ಕಾಯುವುದು ಎಂದು ಅರ್ಧ ದಿನ ಹೋಗುತ್ತದೆ. ಆ ಅರ್ಧ ದಿನಕ್ಕೂ ಬಾಡಿಗೆ ಕೊಟ್ಟಿರುತ್ತೇವೆ. ಲಿಸ್ಬನ್, ಪೋರ್ಟೊ, ನಡುವೆ ಕೊಯಿಂಬ್ರ, ಇಷ್ಟೇ ಸಾಕೆಂದು ನಿಶ್ಚಯಿಸಿದೆವು. ಮೂರೂ ಒಂದೇ ರೈಲುಮಾರ್ಗದಲ್ಲಿವೆ. ಲಿಸ್ಬನ್ನಿನಿಂದ ಪೋರ್ಟೊಗೆ ಸುಮಾರು ಮೂರು ಗಂಟೆಯ ದಾರಿ. ಮುಂಚಿತವಾಗಿ ತೆಗೆದರೆ ಟಿಕೆಟ್ ದರ ಬಹಳ ಇಳಿಯುತ್ತದೆ. 65 ದಾಟಿದವರಿಗೆ ಸರ್ಕಾರಿ ರೈಲಿನಲ್ಲಿ ಅರ್ಧ ದರ, ಪಾಸ್‌ಪೋರ್ಟ್ ತೋರಿಸಿದರೆ ಆಯಿತು. ಇದನ್ನು ಓದಿದ ದಿನ ಅಕ್ಕ ತನ್ನ ವಯಸ್ಸಿನ ಬಗ್ಗೆ ಬಹಳ ಪ್ರೀತಿಯಿಂದ ಮಾತಾಡಿದಳು.

ತಿಂಗಳು ಆರಿಸುವುದರಲ್ಲೇ ಅರ್ಧ ಉಳಿತಾಯವಿದೆ. ಜುಲೈ, ಆಗಸ್ಟ್‌ನಲ್ಲಿ ಬಿಸಿಲೂ ಹೆಚ್ಚು, ಜನವೂ ಹೆಚ್ಚು, ರೂಮಿನ ಬಾಡಿಗೆಯೂ ಹೆಚ್ಚು. ನವೆಂಬರಿನಿಂದ ಬಾಡಿಗೆ ಇಳಿಯುತ್ತದೆ, ಆದರೆ ಪೋರ್ಟೊದಲ್ಲಿ ಮಳೆ ಹಿಡಿಯುತ್ತದೆ. ನಡೆದು ಊರು ನೋಡುವವರಿಗೆ ಏಪ್ರಿಲ್, ಮೇ ಇಲ್ಲವೇ ಅಕ್ಟೋಬರ್ ಒಳ್ಳೆಯದು. ನಾವು ಅಕ್ಟೋಬರ್ ಹಿಡಿದೆವು.

ಪೋರ್ಚುಗಲ್ಲಿಗೆ ಬೇಕಾದ ಷೆಂಗೆನ್ ವೀಸಾದ ಶುಲ್ಕ 2024ರ ಜೂನ್‌ನಿಂದ ವಯಸ್ಕರಿಗೆ 90 ಯೂರೋ. ಅರ್ಜಿ ಕೇಂದ್ರದವರ ಸೇವಾಶುಲ್ಕ ಬೇರೆ. ಕನಿಷ್ಠ 30,000 ಯೂರೋ ವೈದ್ಯಕೀಯ ಖರ್ಚು ಭರಿಸುವ ಪ್ರವಾಸ ವಿಮೆ ಕಡ್ಡಾಯ. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಕೊಡಬಹುದು. ಕೊನೆಯ ವಾರಗಳಿಗೆ ಬಿಟ್ಟರೆ ಕೇಂದ್ರದಲ್ಲಿ ಸರದಿ ಸಿಗುವುದೇ ಕಷ್ಟ. ರದ್ದು ಮಾಡಿದರೆ ಹಣ ಮರಳುವ ರೂಮುಗಳನ್ನೇ ಮೊದಲು ಕಾದಿರಿಸಬೇಕು. ಬ್ಯಾಂಕ್ ಖಾತೆಯ ವಿವರದಲ್ಲಿ ಕೊನೆಯ ಗಳಿಗೆಯಲ್ಲಿ ದೊಡ್ಡ ಮೊತ್ತ ಬಂದು ಬೀಳಬಾರದು, ಹಣ ಕೆಲವು ತಿಂಗಳಿನಿಂದ ಅಲ್ಲೇ ಇರುವಂತೆ ಕಾಣಬೇಕು. ಇದನ್ನೆಲ್ಲ ಅಕ್ಕ ಹೇಳಿಕೊಟ್ಟಳು. ಸಾಲದ ಅರ್ಜಿಗಳನ್ನು ಮೇಜಿನ ಆಚೆ ಬದಿಯಿಂದ ವರ್ಷಗಟ್ಟಲೆ ನೋಡಿದ ಕಣ್ಣು ಅವಳದು.

ರೂಮು ಹುಡುಕುವಾಗ ಲಿಸ್ಬನ್ನಿನ ನಕ್ಷೆಯಲ್ಲಿ ಕಾಣದ ಸಂಗತಿಯೊಂದನ್ನು ತಿಳಿದಿರಬೇಕು. ಅದು ಗುಡ್ಡಗಳ ಊರು. ಆಲ್ಫಾಮಾ ಬಡಾವಣೆಯಲ್ಲಿ ಎರಡು ಬೆರಳಿನಷ್ಟು ದೂರ ಕಾಣುವ ಮನೆಗೆ ನೂರಾರು ಮೆಟ್ಟಿಲು ಹತ್ತಬೇಕಾಗಬಹುದು. ಆದರೆ ನದಿಯ ಕಡೆಯ ಬೈಶಾ ಬಡಾವಣೆ ಸಮತಟ್ಟು, ಬೀದಿಗಳು ನೂಲು ಹಿಡಿದಂತೆ ನೇರ. 1755ರ ನವೆಂಬರ್ 1ರ ಭೂಕಂಪ, ಅದರ ಹಿಂದೆಯೇ ಬಂದ ಕಡಲಿನ ಅಲೆ, ಬೆಂಕಿ ಮೂರೂ ಸೇರಿ ಹಳೆಯ ಬೈಶಾವನ್ನು ಅಳಿಸಿದವು. ಪೊಂಬಾಲ್ ಮಂತ್ರಿ ಅದನ್ನು ಹೊಸದಾಗಿ ಕಟ್ಟಿಸಿದ. ಭೂಮಿ ನಡುಗಿದರೂ ತಾಳಿಕೊಳ್ಳಲೆಂದು ಗೋಡೆಗಳೊಳಗೆ ಮರದ ಪಂಜರ ಕೂರಿಸಿದರು. ಬೈಶಾದ ಬಾಡಿಗೆ ನಮ್ಮ ಗೆರೆಯ ಮೇಲಕ್ಕೆ ಹೋಯಿತು. ಹಾಗಾಗಿ ಅಲ್ಲಿಗೆ ಮೆಟ್ರೊದ ಹಸಿರು ಮಾರ್ಗದಲ್ಲಿ ಕೆಲವೇ ನಿಲ್ದಾಣ ದೂರದ ಅರೊಯೋಸ್‌ನಲ್ಲಿ, ಅಡುಗೆಮನೆ ಇರುವ ಒಂದು ರೂಮು ಹಿಡಿದೆವು. ಅದೇ ಮಾರ್ಗದ ಮಾರ್ತಿಂ ಮೋನಿಜ್‌ನಲ್ಲಿ ಇಳಿದರೆ ದಕ್ಷಿಣ ಏಷ್ಯಾದವರ ಅಂಗಡಿಗಳಲ್ಲಿ ಬೇಳೆ, ಅರಿಸಿನ, ಹಸಿಮೆಣಸು ಎಲ್ಲ ಸಿಗುತ್ತವೆ. ಪ್ರತಿ ರಾತ್ರಿಗೂ ತಲೆಗೆ ಇಷ್ಟೆಂದು ನಗರಸಭೆಯ ಪ್ರವಾಸಿ ತೆರಿಗೆ ಉಂಟು. ಲಿಸ್ಬನ್ನಿನಲ್ಲಿ ಅದು 2024ರ ಸೆಪ್ಟೆಂಬರಿನಿಂದ 4 ಯೂರೋ. ರೂಮಿನ ದರ ಹೋಲಿಸುವಾಗ ಇದನ್ನು ಸೇರಿಸಿಯೇ ನೋಡಬೇಕು.

ಊಟದ ವಿಷಯಕ್ಕೆ ಮಂಗಳೂರಿನ ಕಡೆಯವರು ಅಂಜಬೇಕಿಲ್ಲ. ಯುರೋಪಿನಲ್ಲಿ ತಲಾವಾರು ಅತಿ ಹೆಚ್ಚು ಅನ್ನ ಉಣ್ಣುವವರು ಪೋರ್ಚುಗೀಸರು. ಟೊಮೆಟೊ ಹಾಕಿದ ಅನ್ನ, ಬೀನ್ಸ್ ಕಾಳಿನ ಅನ್ನ ಸಣ್ಣ ಹೋಟೆಲಿನಲ್ಲೂ ಇರುತ್ತದೆ. ಕೆಂಡದ ಮೇಲೆ ಕಲ್ಲುಪ್ಪು ಹಾಕಿ ಸುಟ್ಟ ಸಾರ್ಡೀನ್ ತಟ್ಟೆಗೆ ಬಂದಾಗ ಅಕ್ಕ ಅದರ ಬಾಲ ಹಿಡಿದು ಎತ್ತಿ, “ನಮ್ಮ ಬೂತಾಯಿಯ ದಾಯಾದಿ” ಎಂದಳು. ಮಧ್ಯಾಹ್ನ ‘ಪ್ರಾತು ದು ದಿಯ’ ಎಂದು ಬರೆದ ಹಲಗೆ ಹುಡುಕಬೇಕು. ಅದು ಆ ದಿನದ ಊಟ. ಕೆಲಸದ ಬಟ್ಟೆಯಲ್ಲೇ ಬಂದು ಉಣ್ಣುವವರ ನಡುವೆ ಕೂತರೆ ಬೆಲೆಯೂ ಹಿಡಿತದಲ್ಲಿರುತ್ತದೆ, ಅಡುಗೆಯೂ ಬಿಸಿಯಿರುತ್ತದೆ. ಕೂತ ಕೂಡಲೇ ಯಾರೂ ಕೇಳದೆ ಬ್ರೆಡ್ಡು, ಆಲಿವ್, ಚೀಸ್ ತಂದಿಡುತ್ತಾರೆ. ಅದು ಉಪಚಾರಕ್ಕಲ್ಲ, ಮುಟ್ಟಿದರೆ ಬಿಲ್ಲಿಗೆ ಸೇರುತ್ತದೆ. ಬೇಡವೆಂದರೆ ಯಾರೂ ಬೇಸರಪಡದೆ ಒಯ್ಯುತ್ತಾರೆ. ಕುಡಿಯಲು ನಲ್ಲಿ ನೀರು ಧಾರಾಳವಾಗಿ ಸಾಕು. ರಾತ್ರಿಗೆ ರೂಮಿನಲ್ಲಿ ಗಂಜಿ, ಊರಿಂದ ಒಯ್ದ ಮಿಡಿ ಉಪ್ಪಿನಕಾಯಿ. ದಿನವಿಡೀ ನಡೆದ ಕಾಲಿಗೆ ಅದಕ್ಕಿಂತ ಹಿತವಾದದ್ದು ಬೇರೆ ಇಲ್ಲ.

ಹಣ ಕೊಡದೆ ಸಿಗುವ ದೊಡ್ಡ ಸಂಪತ್ತೂ ಅಲ್ಲಿ ಬೇಕಾದಷ್ಟಿದೆ. ಪೋರ್ಟೊದ ಸಾವೊ ಬೆಂತು ರೈಲು ನಿಲ್ದಾಣದ ಒಳಗೋಡೆಗಳಲ್ಲಿ ಸುಮಾರು 20,000 ಹೆಂಚುಗಳಿವೆ. ಜಾರ್ಜ್ ಕೊಲಾಸು 20ನೇ ಶತಮಾನದ ಆರಂಭದಲ್ಲಿ ಮಾಡಿದ ಚಿತ್ರಗಳು. ನಮ್ಮ ಮಂಗಳೂರು ಹೆಂಚಿನಂತೆ ಕೆಂಪಲ್ಲ, ಬಿಳಿಯ ಮೇಲೆ ನೀಲಿ ಬಣ್ಣ, ಗಾಜಿನ ಹೊಳಪು. ಒಂದು ಕಡೆ ರಾಜರ ಮದುವೆಯ ಮೆರವಣಿಗೆ, 1415ರ ಸಿಯೂಟಾ ಯುದ್ಧ. ಇನ್ನೊಂದು ಕಡೆ ದ್ರಾಕ್ಷಿ ಕೊಯ್ಲು, ಹಳ್ಳಿಯ ದುಡಿಮೆ. ಹತ್ತಿರ ಹೋದರೆ ಒಂದು ಮುಖದ ಅರ್ಧ ಒಂದು ಹೆಂಚಿನಲ್ಲಿ, ಉಳಿದರ್ಧ ಪಕ್ಕದ್ದರಲ್ಲಿ. ನಡುವಿನ ಸಂದು ಕಣ್ಣಿನ ಕೆಳಗೆ ಸರಿಯಾಗಿ ಹಾದುಹೋಗಿದೆ. ರೈಲು ಹಿಡಿಯುವವರು ಅದರ ಮುಂದೆ ಓಡುತ್ತಿರುತ್ತಾರೆ. ನಮಗೆ ಓಡುವ ಅಗತ್ಯ ಇರಲಿಲ್ಲ. ಊರುಗಳನ್ನು ಬಿಟ್ಟದ್ದರಿಂದ ಸಿಕ್ಕಿದ ಸಮಯ ಅದು, ಇಡೀ ಬೆಳಗ್ಗೆ ಅಲ್ಲೇ ಕಳೆದೆವು.

ಲಿಸ್ಬನ್ನಿನ ಬೆಲೇಂನಲ್ಲಿ ಜೆರೋನಿಮುಸ್ ಮಠದ ಚರ್ಚಿಗೂ ನಾವು ಹೋದಾಗ ಟಿಕೆಟ್ ಇರಲಿಲ್ಲ. ಬಾಗಿಲು ದಾಟಿದರೆ ವಾಸ್ಕೊ ಡ ಗಾಮನ ಸಮಾಧಿ. ಆಫ್ರಿಕಾ ಮತ್ತು ಪೂರ್ವ ದೇಶಗಳ ವ್ಯಾಪಾರದ ಮೇಲೆ ಹಾಕಿದ ಶೇಕಡಾ 5ರ ತೆರಿಗೆಯಿಂದ ಎದ್ದ ಕಟ್ಟಡ ಇದು. ಆ ಕಲ್ಲಿನ ಹೂಬಳ್ಳಿಗಳು ನಿಜಕ್ಕೂ ಸುಂದರ. ಆದರೆ ಕರಾವಳಿಯವರಿಗೆ ಸುಮ್ಮನೆ ಮೆಚ್ಚಿ ಬರಲು ಆಗುವುದಿಲ್ಲ. ಬಸ್ರೂರು, ಮಂಗಳೂರಿನ ಅಕ್ಕಿ ಪೋರ್ಚುಗೀಸರ ಹಡಗು ಹತ್ತಿದ್ದು, ಉಳ್ಳಾಲದ ಅಬ್ಬಕ್ಕ ಅವರೆದುರು ನಿಂತದ್ದು ನಮ್ಮ ಮನಸ್ಸಿನಲ್ಲಿತ್ತು. ನಮ್ಮ ಸಾರಿನ ಒಣಮೆಣಸು, ತೋಟದ ಗೇರು ಅವರ ಕಾಲದಲ್ಲೇ ಬಂದವು. ಹಂಪಿಯ ವೈಭವವನ್ನು 1520ರ ಸುಮಾರಿಗೆ ಕಣ್ಣಾರೆ ಕಂಡು ಬರೆದಿಟ್ಟ ಡೊಮಿಂಗೊ ಪಾಯೆಸ್ ಕೂಡ ಆ ದೇಶದವನೇ. ಒಂದೇ ದೇಶವನ್ನು ಆರಿಸಿದ್ದಕ್ಕೆ, ಹೊರಡುವ ಮೊದಲು ಇವನ್ನೆಲ್ಲ ಓದಲು ನಮಗೆ ಬಿಡುವಿತ್ತು. ಐದು ದೇಶ ಆರಿಸಿದ್ದರೆ ಬರೀ ರೈಲಿನ ವೇಳಾಪಟ್ಟಿ ಓದುತ್ತಿದ್ದೆವು.

ಹಾಗೆಂದು ಎಲ್ಲದರಲ್ಲೂ ಕೈ ಬಿಗಿಹಿಡಿದರೆ ಅದು ಪ್ರವಾಸವಾಗದು. ಕೊಯಿಂಬ್ರದ ವಿಶ್ವವಿದ್ಯಾಲಯ 1290ರಲ್ಲಿ ಸ್ಥಾಪನೆಯಾದದ್ದು. ಅಲ್ಲಿನ ಜೋವಾನಿನ ಗ್ರಂಥಾಲಯ 18ನೇ ಶತಮಾನದ್ದು. ಅದರ ಟಿಕೆಟ್ ನಮ್ಮ ಒಂದು ದಿನದ ಊಟಕ್ಕಿಂತ ತುಟ್ಟಿ. ಪುಸ್ತಕ ತಿನ್ನುವ ಹುಳಗಳನ್ನು ಹಿಡಿಯುವ ಬಾವಲಿಗಳು ಒಳಗೇ ಇವೆ. ಅವುಗಳ ಹಿಕ್ಕೆ ಬೀಳದಂತೆ ರಾತ್ರಿ ಮೇಜುಗಳಿಗೆ ಚರ್ಮದ ಹೊದಿಕೆ ಹಾಸುತ್ತಾರೆ. ಇದನ್ನು ಕೇಳಿದ ಅಕ್ಕ ಎರಡನೇ ಮಾತಿಲ್ಲದೆ ಪರ್ಸ್ ತೆರೆದಳು. ಮನಸ್ಸು ಬಯಸಿದ ಒಂದೆರಡು ಕಡೆ ಲೆಕ್ಕ ನೋಡದೆ ಕೊಡಲೆಂದೇ ಉಳಿದ ಕಡೆ ಲೆಕ್ಕ ಇಟ್ಟದ್ದು.

ಮೊದಲ ಸಲ ಹೊರಡುವವರು ನನ್ನನ್ನು ಕೇಳಿದರೆ ಹೇಳುವುದಿಷ್ಟು: ಮೊದಲು ಮೊತ್ತ, ಆಮೇಲೆ ತಿಂಗಳು, ಆಮೇಲೆ ಊರು. ಈ ಕ್ರಮ ತಪ್ಪಬಾರದು. ಬಿಟ್ಟ ಊರಿಗಾಗಿ ಕೊರಗಬಾರದು. ಅಲ್ಗಾರ್ವ್, ಮದೀರಾ, ಸ್ಪೇನ್ ನಾವು ಹೋಗದಿದ್ದರೂ ಇದ್ದಲ್ಲೇ ಇವೆ. ಕೈಯಲ್ಲಿ ಹಣ ಕಡಿಮೆ ಇದ್ದದ್ದರಿಂದಲೇ ನಮಗೆ ಇಷ್ಟವಾದದ್ದು ಯಾವುದು, ಊರವರು ಹೊಗಳಿದ್ದು ಯಾವುದು ಎಂದು ಬೇರೆ ಮಾಡಿ ನೋಡಬೇಕಾಯಿತು. ನಾಳೆ ಕೈ ತುಂಬ ಹಣ ಬಂದರೂ ನಾನು ಹೀಗೆಯೇ ಹೊರಡುತ್ತೇನೆ.